ಹತ್ತೊಂಬತ್ತನೇ ಗೇಟು: ಕಲ್ಲಿಗೊಂದು ಆಯಸ್ಸು, ಕಬ್ಬಿಣಕ್ಕೊಂದು ಆಯಸ್ಸು

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿಯಿತು, ಗೇಟು ಕೊಚ್ಚಿಹೋಯಿತು. ಆಮೇಲೆ ಒಂದು ವಾರ ಟಿವಿಯಲ್ಲಿ, ಪತ್ರಿಕೆಗಳಲ್ಲಿ ಅದೇ ಸುದ್ದಿ. ಎಷ್ಟು ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು) ಪೋಲಾಯಿತು, ಯಾವ ಮಂತ್ರಿ ಬಂದು ನೋಡಿದರು, ಯಾರು ಯಾರನ್ನು ಬೈದರು, ಕಂಪ್ಲಿ ಸೇತುವೆ ಮುಳುಗಿತೇ, ಹಂಪಿಯ ಪುರಂದರ ಮಂಟಪಕ್ಕೆ ನೀರು ಬಂತೇ, ಇವೆಲ್ಲ ನಮಗೆ ಗಂಟೆಗಂಟೆಗೂ ಗೊತ್ತಾಗುತ್ತಿದ್ದವು. ಚೈನ್ ಯಾಕೆ ಕಡಿಯಿತು ಎನ್ನುವ ಪ್ರಶ್ನೆಗೆ ಮಾತ್ರ 'ಹಳೆಯದಾಗಿತ್ತು' ಎಂಬ ಒಂದೇ ಮಾತಿನ ಉತ್ತರ ಸಿಕ್ಕಿತು. ಇವತ್ತು ಆ ಒಂದು ಮಾತನ್ನು ಬಿಚ್ಚಿ ನೋಡೋಣ. ಹಳೆಯದಾಗುವುದು ಎಂದರೆ ಏನಾಗುವುದು, ಯಾವ ಭಾಗ ಹೇಗೆ ಸಾಯುತ್ತದೆ, ಅದನ್ನು ಮೊದಲೇ ಕಂಡುಹಿಡಿಯುವುದು ಹೇಗೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಸಲ ಇಂಥ ಸುದ್ದಿ ಓದುವಾಗ ನಿಮ್ಮ ಪ್ರಶ್ನೆಗಳೇ ಬೇರೆಯಾಗುತ್ತವೆ.

ಮೊದಲು ಅಣೆಕಟ್ಟಿನ ಲೆಕ್ಕ. 1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ನೀರು ನಿಂತ ಅಣೆಕಟ್ಟು ಇದು. ಪೂರ್ಣ ಮಟ್ಟ 1633 ಅಡಿ. ಕೋಡಿಯ ಕಟ್ಟೆ, ಅಂದರೆ ಗೇಟುಗಳು ಕೂರುವ ಜಾಗ, 1613 ಅಡಿಗೆ ಇದೆ. ನಡುವಿನ 20 ಅಡಿ ನೀರನ್ನು ಹಿಡಿದು ನಿಲ್ಲಿಸುವುದು 33 ಗೇಟುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಅಣೆಕಟ್ಟು ಮೇಲಕ್ಕೆ ಹೋದಷ್ಟೂ ಜಲಾಶಯ ಅಗಲವಾಗುತ್ತದೆ, ಹಾಗಾಗಿ ಮೇಲಿನ ಆ 20 ಅಡಿಯಲ್ಲೇ ಒಟ್ಟು ಸಂಗ್ರಹದ ಅರ್ಧಕ್ಕಿಂತ ಹೆಚ್ಚು ನೀರಿದೆ. ಅಂದರೆ ಎಡದಂಡೆ, ಬಲದಂಡೆಯ ರೈತರ ಬೆಳೆಯ ಬಹುಪಾಲು ನೀರನ್ನು ಕಾಯುತ್ತಿರುವುದು ಕಲ್ಲಿನ ಗೋಡೆಯಲ್ಲ, ಈ ಕಬ್ಬಿಣದ ಬಾಗಿಲುಗಳು. ಕಲ್ಲಿನ ಕಟ್ಟೆಯನ್ನು ಚೆನ್ನಾಗಿ ನೋಡಿಕೊಂಡರೆ ನೂರಿನ್ನೂರು ವರ್ಷ ನಿಲ್ಲುತ್ತದೆ. ನೀರಿನಲ್ಲಿ ನೆನೆದು, ಬಿಸಿಲಲ್ಲಿ ಒಣಗಿ, ಮತ್ತೆ ನೆನೆಯುವ ಉಕ್ಕಿಗೆ ನಾಲ್ಕೈದು ದಶಕ ಆಯಸ್ಸು ಸಿಕ್ಕರೆ ಹೆಚ್ಚು. ತುಂಗಭದ್ರೆಯ ಗೇಟುಗಳಿಗೆ ಆ ರಾತ್ರಿ 70 ವರ್ಷ ದಾಟಿತ್ತು.

ಇನ್ನು ಒಂದು ಗೇಟಿನ ಮೇಲೆ ಬೀಳುವ ಭಾರ. ಇದನ್ನು ಹತ್ತನೇ ತರಗತಿಯ ಗಣಿತದಲ್ಲೇ ಹಾಕಬಹುದು. 60 ಅಡಿ ಅಂದರೆ 18.3 ಮೀಟರ್, 20 ಅಡಿ ಅಂದರೆ 6.1 ಮೀಟರ್. ನೀರಿನ ಒತ್ತಡ ಮೇಲೆ ಸೊನ್ನೆ, ತಳದಲ್ಲಿ ಚದರ ಮೀಟರಿಗೆ 6.1 ಟನ್. ಸರಾಸರಿ 3.05 ಟನ್. ಅದನ್ನು ಸುಮಾರು 111 ಚದರ ಮೀಟರ್ ವಿಸ್ತೀರ್ಣದಿಂದ ಗುಣಿಸಿದರೆ 340 ಟನ್ ಬರುತ್ತದೆ. ಅಣೆಕಟ್ಟು ತುಂಬಿ ನಿಂತಾಗ ಒಂದೊಂದು ಗೇಟನ್ನೂ 340 ಟನ್ ಭಾರ ಹಿಂದಿನಿಂದ ಮುಂದಕ್ಕೆ ತಳ್ಳುತ್ತಿರುತ್ತದೆ, ಹಗಲೂ ರಾತ್ರಿ.

ಇಲ್ಲೊಂದು ಮುಖ್ಯವಾದ ಸಂಗತಿ ಇದೆ. ಈ ಭಾರ ನೀರಿನ ಎತ್ತರದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಇಳಿಯುತ್ತದೆ. ನೀರು 20 ಅಡಿಯಿಂದ 15 ಅಡಿಗೆ ಇಳಿದರೆ ಎತ್ತರ ಕಾಲು ಭಾಗ ಕಡಿಮೆಯಾಯಿತು, ಆದರೆ ಭಾರ 340 ಟನ್ನಿನಿಂದ 191 ಟನ್ನಿಗೆ, ಹೆಚ್ಚುಕಡಿಮೆ ಅರ್ಧಕ್ಕೆ ಬಂತು. 19ನೇ ಗೇಟು ಹೋದ ಮೇಲೆ ಉಳಿದ 32 ಗೇಟುಗಳನ್ನೂ ತೆರೆದು ನೀರು ಬಿಟ್ಟಾಗ ಬಹಳ ಜನ ಸಿಟ್ಟಾದರು. 'ಒಂದು ಗೇಟು ಹೋಗಿದ್ದಕ್ಕೆ ಎಲ್ಲ ಗೇಟು ಯಾಕೆ ತೆರೀತಾರೆ, ಇದ್ದ ನೀರನ್ನೂ ಕಳೀತಾರಲ್ಲ' ಎಂಬ ಮಾತು ಆ ವಾರ ಎಲ್ಲ ಕಡೆ ಕೇಳಿಬಂತು. ಆ ತೀರ್ಮಾನ ಸರಿಯಾಗಿತ್ತು ಎಂದೇ ನಾನು ಹೇಳುತ್ತೇನೆ. ಅದೇ ವಯಸ್ಸಿನ, ಅದೇ ಉಕ್ಕಿನ, ಅದೇ ಚೈನಿನ 32 ಗೇಟುಗಳು ಪಕ್ಕದಲ್ಲಿ ನಿಂತಿರುವಾಗ ಮೊದಲು ಮಾಡಬೇಕಾದ ಕೆಲಸ ಅವುಗಳ ಮೇಲಿನ ಭಾರ ಇಳಿಸುವುದು. ಅದೂ ಅಲ್ಲದೆ ಹರಿವನ್ನು 33 ಕಿಂಡಿಗಳಿಗೆ ಹಂಚಿದರೆ ನೀರಿನ ಮಟ್ಟ ಬೇಗ ಇಳಿಯುತ್ತದೆ, ಹೋದ ಗೇಟಿನ ಜಾಗದಲ್ಲಿ ಜನ ಕೆಲಸ ಮಾಡುವ ಸ್ಥಿತಿ ಬರುತ್ತದೆ.

ಆ ವಾರ ಎಲ್ಲೆಡೆ ಓಡಾಡಿದ ಇನ್ನೊಂದು ಅಂಕಿ ನೆನಪಿರಬಹುದು: '19ನೇ ಗೇಟಿನಿಂದಲೇ 35,000 ಕ್ಯುಸೆಕ್ ಹೊರಗೆ ಹೋಗುತ್ತಿದೆ'. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಈ ಅಂಕಿಯನ್ನು ಯಾರೂ ಅಳೆದು ನೋಡಲಿಲ್ಲ. ಕೋಡಿಯ ಮೇಲಿಂದ ಹರಿಯುವ ನೀರಿಗೆ ಒಂದು ಸೂತ್ರವಿದೆ. ಕಿಂಡಿಯ ಅಗಲವನ್ನು ನೀರಿನ ಎತ್ತರದ ಒಂದೂವರೆ ಘಾತದಿಂದ ಗುಣಿಸಿ, ಅದನ್ನು ಸುಮಾರು 4ರಿಂದ ಗುಣಿಸಿದರೆ ಕ್ಯುಸೆಕ್ ಬರುತ್ತದೆ. 60 ಅಡಿ ಅಗಲ, 20 ಅಡಿ ಎತ್ತರಕ್ಕೆ ಹಾಕಿ ನೋಡಿ, 21,000 ಚಿಲ್ಲರೆ ಬರುತ್ತದೆ. ಇನ್ನೊಂದು ದಾರಿಯಿಂದಲೂ ನೋಡಬಹುದು. ಈ ಕೋಡಿಯ ಒಟ್ಟು ಸಾಮರ್ಥ್ಯ 6.5 ಲಕ್ಷ ಕ್ಯುಸೆಕ್. 33ರಿಂದ ಭಾಗಿಸಿದರೆ ಗೇಟಿಗೆ 20,000ಕ್ಕೆ ಸ್ವಲ್ಪ ಕಡಿಮೆ. ಎರಡೂ ಲೆಕ್ಕ ಒಂದನ್ನೊಂದು ಒಪ್ಪುತ್ತವೆ. ಒಂದೇ ಕಿಂಡಿಯಿಂದ 35,000 ಹೋಗಬೇಕಾದರೆ ಕೋಡಿಯ ಮೇಲೆ 27 ಅಡಿಗಿಂತ ಹೆಚ್ಚು ನೀರು ನಿಲ್ಲಬೇಕು, ಅಷ್ಟು ಎತ್ತರಕ್ಕೆ ಅಣೆಕಟ್ಟಿನಲ್ಲಿ ನೀರೇ ನಿಲ್ಲಿಸುವುದಿಲ್ಲ. ಗಾಬರಿಯ ಹೊತ್ತಿನಲ್ಲಿ ಯಾರೋ ಹೇಳಿದ ಅಂಕಿ, ಎಲ್ಲರೂ ಬರೆದುಕೊಂಡರು. ಎಂಜಿನಿಯರಿಂಗ್ ಸುದ್ದಿ ಬರೆಯುವವರು ಕನಿಷ್ಠ ಇಷ್ಟು ಲೆಕ್ಕ ಹಾಕಬೇಕು ಎಂಬುದು ನನ್ನ ಒತ್ತಾಯ. ಕೆಳಗಿನ ಊರುಗಳವರು ಮನೆ ಖಾಲಿ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಇಂಥ ಅಂಕಿಗಳ ಮೇಲೆಯೇ.

ಕ್ಯುಸೆಕ್‌ನಿಂದ ಟಿಎಂಸಿಗೆ ಬರುವ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಬರೆದಿಟ್ಟುಕೊಳ್ಳಿ. 1 ಲಕ್ಷ ಕ್ಯುಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. ಆ ವಾರ ಹೊರಹರಿವು ದಿನಗಟ್ಟಲೆ 1 ಲಕ್ಷದ ಆಸುಪಾಸಿನಲ್ಲಿತ್ತು. 105 ಟಿಎಂಸಿ ತುಂಬಿದ್ದ ಜಲಾಶಯ ಕೆಲವೇ ದಿನಗಳಲ್ಲಿ 70ರ ಹತ್ತಿರಕ್ಕೆ ಯಾಕೆ ಇಳಿಯಿತು ಎಂಬುದಕ್ಕೆ ಇಷ್ಟೇ ವಿವರಣೆ ಸಾಕು.

ಈಗ ಚೈನಿಗೆ ಬರೋಣ, ಇದು ನಿಧಾನವಾಗಿ ನೋಡಬೇಕಾದ ವಸ್ತು.

ಲಂಬವಾಗಿ ಮೇಲೆ ಕೆಳಗೆ ಆಡುವ ಇಂಥ ಗೇಟಿನ ಎರಡು ತುದಿಗಳಲ್ಲಿ ಎರಡು ಚೈನುಗಳಿರುತ್ತವೆ. ಚೈನು ಮೇಲಿನ ಹಲ್ಲಿನ ಚಕ್ರವನ್ನು ಬಳಸಿ ಆಚೆ ಬದಿಗೆ ಇಳಿಯುತ್ತದೆ, ಆ ತುದಿಯಲ್ಲಿ ಗೇಟಿನ ತೂಕವನ್ನು ಸರಿದೂಗಿಸುವ ಸಮತೋಲನದ ಭಾರ ತೂಗುತ್ತಿರುತ್ತದೆ. ಈ ಏರ್ಪಾಡಿನಿಂದ ಸಣ್ಣ ಮೋಟಾರಿನಲ್ಲೂ ಹತ್ತಾರು ಟನ್ ಗೇಟನ್ನು ಎತ್ತಬಹುದು. 1940–50ರ ದಶಕಗಳಿಗೆ ಇದು ಜಾಣತನದ ವಿನ್ಯಾಸ. ಇದರ ದೌರ್ಬಲ್ಯವೂ ಅಲ್ಲೇ ಇದೆ. ಎರಡು ಚೈನಿನಲ್ಲಿ ಒಂದು ಕಡಿದರೆ ಗೇಟು ಒಂದು ಬದಿಗೆ ವಾಲುತ್ತದೆ, ವಾಲಿದ ಗೇಟು ಕಂಬದ ತೋಡಿನಲ್ಲಿ, ಅಂದರೆ ಅದು ಏರಿಳಿಯುವ ಉದ್ದನೆಯ ಸೀಳಿನಲ್ಲಿ, ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೂರಾರು ಟನ್ ನೀರು ನೂಕುತ್ತಿರುವಾಗ ಓರೆಯಾದ ಗೇಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಂದು ಕಡಿದರೆ ಇನ್ನೊಂದು ಹಿಡಿಯುತ್ತದೆ ಎನ್ನುವ ಭರವಸೆ ಈ ವಿನ್ಯಾಸದಲ್ಲಿಲ್ಲ.

ಚೈನಿನ ಕೊಂಡಿ ಎಂದಾಗ ದನ ಕಟ್ಟುವ ಸರಪಳಿಯ ಬಳೆಯನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಉಕ್ಕಿನ ಪಟ್ಟಿಗಳು, ಅವನ್ನು ಜೋಡಿಸುವ ಪಿನ್ನುಗಳು, ಹೀಗಿರುತ್ತದೆ ಅದು. ಹೊರಗಿನ ಪಟ್ಟಿಗೆ ಪ್ರತಿವರ್ಷ ಬಣ್ಣ ಬಳಿಯಬಹುದು, ನೋಡುವವರಿಗೆ ಹೊಸದಾಗಿ ಕಾಣುತ್ತದೆ. ತುಕ್ಕು ಹಿಡಿಯುವುದು ಪಿನ್ನು ಪಟ್ಟಿಯೊಳಗೆ ಹೊಕ್ಕಿರುವ ಜಾಗದಲ್ಲಿ, ಕಣ್ಣಿಗೆ ಕಾಣದ ಕಡೆ. ಅಲ್ಲಿಗೆ ಗ್ರೀಸ್ ತಲುಪದಿದ್ದರೆ ನೀರು ತಲುಪುತ್ತದೆ. ತುಕ್ಕು ಹಿಡಿದ ಪಿನ್ನು ತಿರುಗುವುದನ್ನು ನಿಲ್ಲಿಸುತ್ತದೆ. ತಿರುಗದ ಕೊಂಡಿ ಹಲ್ಲಿನ ಚಕ್ರದ ಮೇಲೆ ಬಾಗಬೇಕಾದಾಗ ಬಾಗುವುದಿಲ್ಲ, ಆ ಬಾಗುವ ಬಲವೆಲ್ಲ ಪಟ್ಟಿಯ ತೂತಿನ ಅಂಚಿಗೆ ಬೀಳುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟುತ್ತದೆ. ಒಂದೊಂದು ಮಳೆಗಾಲದಲ್ಲೂ ಗೇಟು ಏರಿಳಿದಾಗ ಅದು ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ಕೊನೆಗೆ ಒಂದು ರಾತ್ರಿ ಹೋಗುತ್ತದೆ.

ಸವಕಲಿನ ಲೆಕ್ಕವನ್ನೂ ನೋಡಿ. ಪಿನ್ನಿನ ವ್ಯಾಸ ಹತ್ತರಲ್ಲಿ ಒಂದು ಪಾಲು ಸವೆದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ 19 ಶೇಕಡಾ ಕಡಿಮೆಯಾಗುತ್ತದೆ. ಗೇಟಿನ ಮುಖದ ತಗಡಿನಲ್ಲಿ ಇದು ಇನ್ನೂ ಜೋರು. 12 ಮಿಲಿಮೀಟರ್ ದಪ್ಪದ ತಗಡು ತುಕ್ಕಿನಿಂದ 9 ಮಿಲಿಮೀಟರಿಗೆ ಇಳಿದರೆ, ಮೇಲ್ನೋಟಕ್ಕೆ ಕಾಲು ಭಾಗ ಹೋಯಿತು ಅಷ್ಟೇ. ಆದರೆ ಬಾಗುವ ತಗಡಿನಲ್ಲಿ ಒಳಬಲ ದಪ್ಪದ ವರ್ಗಕ್ಕೆ ತಿರುವುಮುರುವಾಗಿ ಏರುತ್ತದೆ, ಅಂದರೆ ಮೊದಲಿನ 1.78ರಷ್ಟಾಗುತ್ತದೆ. ವಿನ್ಯಾಸ ಮಾಡಿದವರು ಇಟ್ಟಿದ್ದ ಸುರಕ್ಷತೆಯ ಅಂತರವನ್ನು ಮೂರು ಮಿಲಿಮೀಟರ್ ತುಕ್ಕು ತಿಂದು ಮುಗಿಸುತ್ತದೆ. 'ಸ್ವಲ್ಪ ತುಕ್ಕು ಹಿಡಿದಿದೆ, ಉಳಿದಂತೆ ಗಟ್ಟಿಯಿದೆ' ಎಂದು ಯಾರಾದರೂ ಹೇಳಿದರೆ ಎಷ್ಟು ಮಿಲಿಮೀಟರ್ ಎಂದು ಕೇಳಿ. ಅಲ್ಟ್ರಾಸಾನಿಕ್ ದಪ್ಪಮಾಪಕ ಅಂಗೈಯಲ್ಲಿ ಹಿಡಿಸುವ ಯಂತ್ರ. ತಗಡಿನ ಒಂದೇ ಬದಿಯಿಂದ ಅಳೆಯುತ್ತದೆ, ಒಂದು ಜಾಗಕ್ಕೆ ಒಂದು ನಿಮಿಷ ಸಾಕು. ಒಂದು ಗೇಟಿನಲ್ಲಿ ನೂರು ಬಿಂದು ಗುರುತಿಸಿ ಪ್ರತಿವರ್ಷ ಅವೇ ಬಿಂದುಗಳಲ್ಲಿ ಅಳೆದರೆ ತುಕ್ಕಿನ ವೇಗವೇ ಗೊತ್ತಾಗುತ್ತದೆ. ಅತಿ ಹೆಚ್ಚು ಸವೆಯುವುದು ತಳದ ಒಂದೆರಡು ಅಡಿ, ಯಾಕೆಂದರೆ ರಬ್ಬರ್ ಸೀಲಿನಿಂದ ಸೋರುವ ನೀರು ಅಲ್ಲಿ ವರ್ಷವಿಡೀ ಇರುತ್ತದೆ. ಎರಡನೆಯದು ಹಿಂಬದಿಯ ಅಡ್ಡತೊಲೆಗಳ ಮೇಲೆ, ಅಲ್ಲಿ ನೀರು ನಿಂತು ಮಣ್ಣು ಕೂರುತ್ತದೆ. ತೊಲೆಯಲ್ಲಿ ನೀರು ಇಳಿದುಹೋಗಲು ಬಿಟ್ಟಿರುವ ತೂತುಗಳನ್ನು ವರ್ಷಕ್ಕೆರಡು ಸಲ ಕಡ್ಡಿ ಹಾಕಿ ಬಿಡಿಸಿದರೂ ಗೇಟಿನ ಆಯಸ್ಸು ಹೆಚ್ಚುತ್ತದೆ.

ಚೈನಿನ ಮೇಲೆ ನಿಜವಾಗಿ ಎಷ್ಟು ಭಾರ ಬೀಳುತ್ತದೆ ಎಂಬುದು ಗೇಟಿನ ತೂಕಕ್ಕಿಂತ ಹೆಚ್ಚಾಗಿ ಘರ್ಷಣೆಯ ಮೇಲೆ ನಿಂತಿದೆ. ಇದು ಸುದ್ದಿಗಳಲ್ಲಿ ಬರಲೇ ಇಲ್ಲ. ಗಾಲಿಗಳ ಮೇಲೆ ಆಡುವ ಗೇಟನ್ನು ತೆಗೆದುಕೊಳ್ಳಿ. 340 ಟನ್ ನೀರಿನ ಭಾರ ಗಾಲಿಗಳ ಮೂಲಕ ಕಂಬಕ್ಕೆ ಹೋಗುತ್ತದೆ. ಗಾಲಿ ಸಲೀಸಾಗಿ ಉರುಳುತ್ತಿದ್ದರೆ ಅದಕ್ಕೆ ಎದುರಾಗುವ ಬಲ ಆ ಭಾರದ ನೂರಕ್ಕೆ ಮೂರೋ ಐದೋ, ಅಂದರೆ 10ರಿಂದ 17 ಟನ್. ಗ್ರೀಸ್ ಒಣಗಿ, ಬುಷ್ (ಗಾಲಿಯ ಅಚ್ಚಿನ ಸುತ್ತಲಿನ ಲೋಹದ ಬಳೆ) ಹಿಡಿದುಕೊಂಡು, ಗಾಲಿ ತಿರುಗದೆ ಉಜ್ಜಿಕೊಂಡು ಹೋದರೆ ಅದೇ ಬಲ ನೂರಕ್ಕೆ ಮೂವತ್ತು ದಾಟುತ್ತದೆ, 100 ಟನ್ನಿಗೂ ಮೇಲೆ. ಮೋಟಾರು ಎಳೆಯುತ್ತಲೇ ಇರುತ್ತದೆ, ಚೈನು ತಾಳಿಕೊಳ್ಳಬೇಕು. ಇಳಿಸುವಾಗ ಇನ್ನೊಂದು ಅಪಾಯ. ಗಾಲಿ ಸಿಕ್ಕಿಕೊಂಡು ಗೇಟು ಅಲ್ಲೇ ನಿಂತಿರುತ್ತದೆ, ಮೇಲೆ ಚೈನು ಮಾತ್ರ ಇಳಿಯುತ್ತಾ ಸಡಿಲಾಗುತ್ತದೆ. ನಿರ್ವಾಹಕ ಮೇಲಿನ ವೇದಿಕೆಯಲ್ಲಿರುತ್ತಾನೆ, ಕತ್ತಲಿದ್ದರೆ ಕೆಳಗೆ ಏನಾಗುತ್ತಿದೆ ಎಂದು ಅವನಿಗೆ ಕಾಣುವುದಿಲ್ಲ. ತಟಕ್ಕನೆ ಗಾಲಿ ಬಿಟ್ಟುಕೊಂಡಾಗ ಗೇಟು ಅರ್ಧ ಅಡಿ ಬಿದ್ದು ಚೈನನ್ನು ಜಗ್ಗುತ್ತದೆ. ಆ ಒಂದು ಜಗ್ಗು ಇಡೀ ಮಳೆಗಾಲದ ಎಳೆತಕ್ಕಿಂತ ಕೆಟ್ಟದ್ದು. ಅದಕ್ಕೇ ಚೈನು ಸಡಿಲವಾದ ಕೂಡಲೇ ಮೋಟಾರು ನಿಲ್ಲಿಸುವ ಒಂದು ಸಣ್ಣ ಸ್ವಿಚ್ಚು, ಭಾರ ಮೀರಿದಾಗ ನಿಲ್ಲಿಸುವ ಇನ್ನೊಂದು ಸ್ವಿಚ್ಚು ಇರಬೇಕು. ಇವೆರಡಕ್ಕೂ ಆಗುವ ಖರ್ಚು ಒಂದು ಮಂತ್ರಿ ಭೇಟಿಯ ಪೆಂಡಾಲಿಗೆ ಆಗುವಷ್ಟೂ ಇಲ್ಲ.

ಘರ್ಷಣೆ ಗೇಟನ್ನು ಕೊಲ್ಲಬಲ್ಲದು ಎಂಬುದಕ್ಕೆ ಪ್ರಪಂಚದ ಎಂಜಿನಿಯರುಗಳು ಇವತ್ತಿಗೂ ಓದುವ ಉದಾಹರಣೆ ಕ್ಯಾಲಿಫೋರ್ನಿಯಾದ ಫೋಲ್ಸಮ್ ಅಣೆಕಟ್ಟಿನದು. 1995ರ ಜುಲೈ 17ರಂದು ಅಲ್ಲಿನ 3ನೇ ಗೇಟನ್ನು ಎಂದಿನಂತೆ ತೆರೆಯುತ್ತಿದ್ದಾಗಲೇ ಮುರಿದು ಹೋಯಿತು. ಅದು ನಮ್ಮ ಹಾಗೆ ಚೈನಿನ ಗೇಟಲ್ಲ, ಒಂದು ಅಚ್ಚಿನ ಸುತ್ತ ಕಮಾನಿನಂತೆ ತಿರುಗುವ ರೇಡಿಯಲ್ ಗೇಟು. ಅದರ ಅಚ್ಚಿನಲ್ಲಿ ತುಕ್ಕು ಹಿಡಿದು ಘರ್ಷಣೆ ವರ್ಷದಿಂದ ವರ್ಷಕ್ಕೆ ಏರಿತ್ತು. 1950ರ ದಶಕದಲ್ಲಿ ವಿನ್ಯಾಸ ಮಾಡಿದವರು ಆ ಘರ್ಷಣೆಯಿಂದ ಗೇಟಿನ ತೋಳುಗಳು ಬಾಗುತ್ತವೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಗ್ರೀಸ್ ಹಾಕುವುದೂ ಬರಬರುತ್ತಾ ಕಡಿಮೆಯಾಗಿತ್ತು. ಒಂದು ಓರೆ ಪಟ್ಟಿಯ ಜೋಡಣೆ ಕಿತ್ತುಬಂತು, ಗೇಟು ಮಡಚಿಕೊಂಡಿತು, ಜಲಾಶಯದ ಸುಮಾರು ನಾಲ್ಕು ಹತ್ತಂಶ ನೀರು ಖಾಲಿಯಾಯಿತು. ಆಮೇಲೆ ಅಲ್ಲಿ ತನಿಖೆಯ ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು, ಅಂಥದೇ ಗೇಟುಗಳಿರುವ ಬೇರೆ ಅಣೆಕಟ್ಟುಗಳಲ್ಲೆಲ್ಲ ತೋಳುಗಳನ್ನು ಬಲಪಡಿಸಿದರು. ಒಂದು ಗೇಟು ಹೋದದ್ದರಿಂದ ಉಳಿದವರೆಲ್ಲ ಕಲಿತರು.

ನಮ್ಮಲ್ಲಿ ಏನಾಯಿತು ನೋಡಿ. 2021ರ ಆಗಸ್ಟ್ 5ರಂದು ಕೃಷ್ಣೆಯ ಮೇಲಿನ ಪುಲಿಚಿಂತಲ ಅಣೆಕಟ್ಟಿನ 16ನೇ ಗೇಟು ಕೊಚ್ಚಿಹೋಯಿತು. 2022ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿರುವ, ತಮಿಳುನಾಡು ನಡೆಸುವ ಪರಂಬಿಕುಳಂ ಅಣೆಕಟ್ಟಿನ ಮೂರು ಗೇಟುಗಳಲ್ಲಿ ನಡುವಿನದು ರಾತ್ರಿ ಹೋಯಿತು. ಅಲ್ಲೂ ಸಮತೋಲನದ ಭಾರ, ಅಲ್ಲೂ ಚೈನು. ತುಂಗಭದ್ರೆಗಿಂತ ಎರಡು ವರ್ಷ ಮೊದಲು, ಅದೇ ಜಾತಿಯ ಗೇಟು, ಅದೇ ಜಾತಿಯ ಸಾವು. ಪರಂಬಿಕುಳಂ ಸುದ್ದಿ ಬಂದ ಮರುದಿನವೇ ಚೈನಿನ ಗೇಟುಗಳಿರುವ ದೇಶದ ಎಲ್ಲ ಅಣೆಕಟ್ಟುಗಳಲ್ಲೂ ಪಿನ್ನು ಬಿಚ್ಚಿ ನೋಡಬೇಕಿತ್ತು. ವಿಮಾನವೊಂದರ ಒಂದು ಬೋಲ್ಟಿನಲ್ಲಿ ಬಿರುಕು ಕಂಡರೆ ಆ ಮಾದರಿಯ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿ ನೋಡುತ್ತಾರೆ. ಲಕ್ಷಾಂತರ ಎಕರೆಯ ನೀರು ಹಿಡಿದಿರುವ ಗೇಟಿಗೆ ಅಂಥ ವ್ಯವಸ್ಥೆ ಇಲ್ಲದಿರುವುದು ನನ್ನನ್ನು ತುಂಬಾ ಕಾಡುವ ಸಂಗತಿ.

ಹಾಗೆಂದು ನಮ್ಮವರಿಗೆ ಗೇಟಿನ ವಿದ್ಯೆ ಗೊತ್ತಿರಲಿಲ್ಲವೇ ಎಂದರೆ ಅದೂ ಅಲ್ಲ. ಸ್ವಲ್ಪ ಪಕ್ಕಕ್ಕೆ ಹೋಗಿ ಬರುತ್ತೇನೆ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳು ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಕೂತದ್ದು 1903ರಲ್ಲಿ. ನೀರು ಒಂದು ಮಟ್ಟ ಮೀರಿದರೆ ತಾವೇ ತೆರೆದುಕೊಂಡು, ಇಳಿದರೆ ತಾವೇ ಮುಚ್ಚಿಕೊಳ್ಳುವ ಗೇಟುಗಳು. ಆಮೇಲೆ ಗ್ವಾಲಿಯರ್‌ನ ತಿಗ್ರಾದಲ್ಲಿ, ನಮ್ಮ ಕನ್ನಂಬಾಡಿಯಲ್ಲಿ ಅವನ್ನೇ ಬಳಸಿದರು. ಅವರ ಹುಟ್ಟುಹಬ್ಬಕ್ಕೆ ಪ್ರತಿವರ್ಷ ಎಂಜಿನಿಯರುಗಳ ದಿನ ಆಚರಿಸುತ್ತೇವೆ. ಆದರೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗೇಟಿನ ಪಾಠ ಸಿವಿಲ್‌ನವರಿಗೂ ಮೆಕ್ಯಾನಿಕಲ್‌ನವರಿಗೂ ನಡುವಿನ ಕಂದಕದಲ್ಲಿ ಬಿದ್ದುಹೋಗಿದೆ. ಸಿವಿಲ್ ಓದಿದವರು ಕಟ್ಟೆಯವರೆಗೆ ಬಂದು ನಿಲ್ಲುತ್ತಾರೆ, ಮೆಕ್ಯಾನಿಕಲ್ ಓದಿದವರು ಕಾರ್ಖಾನೆಯ ಕಡೆ ಹೋಗುತ್ತಾರೆ. ನೀರಾವರಿ ಇಲಾಖೆಯಲ್ಲಿ ಗೇಟಿನ ಕೆಲಸ ಒಲ್ಲದ ಕೆಲಸ, ಬಡ್ತಿಗೂ ದಾರಿಯಲ್ಲ.

ತುಂಗಭದ್ರೆಗೆ ಕನ್ನಯ್ಯ ನಾಯ್ಡು ಬರಬೇಕಾಯಿತು. ನಿವೃತ್ತರು, ಇಳಿವಯಸ್ಸಿನವರು, ಗೇಟುಗಳ ಕೆಲಸದಲ್ಲೇ ಬದುಕು ಕಳೆದವರು. ಅವರೂ ಅವರ ತಂಡವೂ ಮಾಡಿದ ಕೆಲಸ ಸಾಮಾನ್ಯವಾದದ್ದಲ್ಲ, ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳೋಣ. ಸ್ಟಾಪ್‌ಲಾಗ್ ಎಂದರೆ ಗೇಟಿನ ಜಾಗವನ್ನು ತಾತ್ಕಾಲಿಕವಾಗಿ ಮುಚ್ಚುವ ಉಕ್ಕಿನ ಅಡ್ಡಹಲಗೆಗಳು, ಒಂದರ ಮೇಲೊಂದು ಕೂರುವಂಥವು. 20 ಅಡಿ ಎತ್ತರಕ್ಕೆ ನಾಲ್ಕು ನಾಲ್ಕು ಅಡಿಯ ಐದು ತುಂಡು ಮಾಡಿದರು. ಒಂದೊಂದೂ 60 ಅಡಿ ಉದ್ದ, ಹತ್ತು ಟನ್ನಿಗೂ ಮೇಲೆ ತೂಕ. ಸ್ಟಾಪ್‌ಲಾಗನ್ನು ಇಳಿಸುವ ಪದ್ಧತಿ ಏನೆಂದರೆ ನೀರು ನಿಂತಿರಬೇಕು, ಎರಡೂ ಬದಿ ಸಮ ಇರಬೇಕು. ಹರಿಯುವ ನೀರಿನಲ್ಲಿ ಇಳಿಸಿದರೆ ತುಂಡು ಓಲಾಡುತ್ತದೆ, ಒಂದು ತುದಿ ತೋಡಿಗೆ ಮೊದಲು ಸಿಕ್ಕಿ ಓರೆಯಾಗುತ್ತದೆ, ಕೆಳಗಿನಿಂದ ನೀರು ಎತ್ತುತ್ತದೆ, ಮೇಲಿನಿಂದ ಒತ್ತುತ್ತದೆ. ಇಲ್ಲಿ ಕಾಯುವಷ್ಟು ಪುರಸೊತ್ತಿರಲಿಲ್ಲ. ಕೋಡಿಯ ಮಟ್ಟಕ್ಕೆ ನೀರಿಳಿಯುವ ತನಕ ಕಾದಿದ್ದರೆ ಇನ್ನೂ ಹತ್ತಾರು ಟಿಎಂಸಿ ಹೋಗುತ್ತಿತ್ತು. ಹರಿಯುವ ನೀರಿನಲ್ಲೇ ಆಗಸ್ಟ್ 16ರಂದು ಮೊದಲ ತುಂಡು ಕೂತಿತು, 17ರಂದು ಉಳಿದವೂ ಕೂತವು. ಕ್ರೇನ್ ನಡೆಸಿದವರು, ಹಗ್ಗ ಹಿಡಿದವರು, ಹಗಲೂ ರಾತ್ರಿ ವೆಲ್ಡಿಂಗ್ ಮಾಡಿದ ಕಾರ್ಮಿಕರು, ಇವರೆಲ್ಲರಿಗೂ ಆ ನೀರು ಕುಡಿಯುವ ನಾವೆಲ್ಲ ಋಣಿಗಳು.

ಆದರೆ ಆ ಐದು ತುಂಡುಗಳು ಆ ವಾರ ತಯಾರಾಗಬೇಕಾಗಿ ಬಂದದ್ದು ಯಾಕೆ? ಅವು ಅಣೆಕಟ್ಟಿನ ಅಂಗಳದಲ್ಲಿ ಮೊದಲೇ ಇರಬೇಕಿತ್ತು. 33 ಗೇಟಿಗೆ 33 ಸೆಟ್ ಬೇಕಿಲ್ಲ, ಎಲ್ಲ ಕಿಂಡಿಗಳೂ ಒಂದೇ ಅಳತೆಯಾದ್ದರಿಂದ ಒಂದೆರಡು ಸೆಟ್ ಸಾಕು. ಅವನ್ನು ಎತ್ತಿ ಇಳಿಸಲು ಕಟ್ಟೆಯ ಮೇಲೆ ಹಳಿಯ ಮೇಲೆ ಓಡುವ ಗ್ಯಾಂಟ್ರಿ ಕ್ರೇನ್, ತುಂಡನ್ನು ಹಿಡಿಯುವ ತೊಲೆ, ಗೇಟಿನಿಂದ ನೀರಿನ ಬದಿಗೆ ಕಂಬದಲ್ಲಿ ಅದಕ್ಕೆಂದೇ ಬಿಟ್ಟ ಇನ್ನೊಂದು ತೋಡು, ಇಷ್ಟಿದ್ದರೆ ಗೇಟು ಹೋದರೂ ಒಂದೆರಡು ದಿನದಲ್ಲಿ ಕಿಂಡಿ ಮುಚ್ಚಬಹುದು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಸ್ಟಾಪ್‌ಲಾಗ್ ಇದ್ದರೆ ನೀರು ತುಂಬಿರುವಾಗಲೂ ವರ್ಷಕ್ಕೆ ಮೂರು ನಾಲ್ಕು ಗೇಟುಗಳನ್ನು ಸರದಿಯಂತೆ ಒಣಗಿಸಿ, ಬಿಚ್ಚಿ, ಗಾಲಿ ತೆಗೆದು, ಬುಷ್ ಬದಲಿಸಿ, ಮರಳು ಊದಿ ತುಕ್ಕು ಕಿತ್ತು, ಸತುವಿನ ಲೇಪ ಕೊಟ್ಟು ಮತ್ತೆ ಕೂರಿಸಬಹುದು. ಸ್ಟಾಪ್‌ಲಾಗ್ ಇಲ್ಲದ ಅಣೆಕಟ್ಟಿನಲ್ಲಿ ಗೇಟಿನ ದುರಸ್ತಿ ಎಂದರೆ ನೀರು ಕೋಡಿಗಿಂತ ಕೆಳಗಿರುವ ಬೇಸಿಗೆಯ ಕೆಲವು ತಿಂಗಳು ಮಾತ್ರ. ಅಷ್ಟರಲ್ಲಿ ಟೆಂಡರ್ ಮುಗಿಯುವುದಿಲ್ಲ.

ಆ ವರ್ಷ ಮಳೆ ಕೈಹಿಡಿಯಿತು, ಜಲಾಶಯ ಮತ್ತೆ ತುಂಬಿತು. ಸುದ್ದಿಯೂ ಅಲ್ಲಿಗೆ ನಿಂತಿತು. ನನ್ನ ಪ್ರಕಾರ ನಿಜವಾದ ಸುದ್ದಿ ಶುರುವಾದದ್ದೇ ಆಮೇಲೆ. ತಜ್ಞರು ಪರೀಕ್ಷಿಸಿ 33 ಗೇಟುಗಳನ್ನೂ ಬದಲಿಸಬೇಕು ಎಂದರು. 2025ರ ಮಳೆಗಾಲಕ್ಕೆ ಅದು ಆಗಲಿಲ್ಲ. ಅದಕ್ಕಾಗಿ ಆ ವರ್ಷ ಸಂಗ್ರಹವನ್ನೇ 80 ಟಿಎಂಸಿಗೆ ಮಿತಿಗೊಳಿಸಿದರು. ಗೇಟಿನ ಮೇಲಿನ ಭಾರ ಇಳಿಸುವುದಕ್ಕೆ ಇದು ಸರಿಯಾದ ಕ್ರಮವೇ. ನೀರು 20 ಅಡಿಯ ಬದಲು 13 ಅಡಿ ನಿಂತರೆ ಭಾರ 340ರಿಂದ 144 ಟನ್ನಿಗೆ ಬರುತ್ತದೆ. ಆದರೆ ಅದೇ ಆಗಸ್ಟ್‌ನಲ್ಲಿ ಏಳು ಗೇಟುಗಳು ಸರಿಯಾಗಿ ಆಡುತ್ತಿಲ್ಲ ಎಂಬುದು ಹೊರಬಂತು. ಕೊಚ್ಚಿಹೋದ ಗೇಟು ಟಿವಿಯಲ್ಲಿ ಕಾಣುತ್ತದೆ, ತೆರೆಯದ ಗೇಟು ಕಾಣುವುದಿಲ್ಲ. ಅಪಾಯದಲ್ಲಿ ಎರಡನೆಯದು ದೊಡ್ಡದು. ಏಳು ಕಿಂಡಿ ತೆರೆಯದಿದ್ದರೆ ಕೋಡಿಯ ಸಾಮರ್ಥ್ಯದಲ್ಲಿ ಸುಮಾರು 1.4 ಲಕ್ಷ ಕ್ಯುಸೆಕ್ ಕಡಿಮೆಯಾಯಿತು. ದೊಡ್ಡ ಪ್ರವಾಹ ಬಂದಾಗ ಆ ನೀರು ಕಟ್ಟೆಯ ಹಿಂದೆ ಏರುತ್ತಾ ಹೋಗುತ್ತದೆ. ಗೇಟು ಹೋದರೆ ಬೆಳೆ ಹೋಗುತ್ತದೆ, ಗೇಟು ತೆರೆಯದಿದ್ದರೆ ಅಣೆಕಟ್ಟೇ ಅಪಾಯಕ್ಕೆ ಬೀಳುತ್ತದೆ.

ಕೊನೆಗೆ ಎರಡನೇ ಬೆಳೆಗೆ ನೀರು ಬಿಡದೆ ಗೇಟು ಬದಲಿಸುವ ತೀರ್ಮಾನವಾಯಿತು. ಅದರ ಬೆಲೆ ಎಷ್ಟು? ಒಂದು ಟಿಎಂಸಿ ಎಂದರೆ ಸುಮಾರು 23,000 ಎಕರೆಯ ಮೇಲೆ ಒಂದು ಅಡಿ ನೀರು. ಭತ್ತಕ್ಕೆ ನಾಲ್ಕು ಅಡಿ ಬೇಕೆಂದರೆ, ಕಾಲುವೆಯ ಸೋರಿಕೆಯನ್ನು ಬಿಟ್ಟು ಲೆಕ್ಕ ಹಾಕಿದರೂ, ಒಂದು ಟಿಎಂಸಿಗೆ 5,700 ಎಕರೆ. 105 ಮತ್ತು 80ರ ನಡುವಿನ 25 ಟಿಎಂಸಿಯನ್ನು ನೀವೇ ಗುಣಿಸಿ, 1.4 ಲಕ್ಷ ಎಕರೆ ದಾಟುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಈ ಲೆಕ್ಕವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಅಕ್ಕಿ ಗಿರಣಿಯ ಹಮಾಲರಿಂದ ಹಿಡಿದು ನಾಟಿಗೆ ಹೋಗುವ ಹೆಂಗಸರವರೆಗೆ ಎಲ್ಲರ ಕೂಲಿಗೂ ಅದು ತಾಗುತ್ತದೆ. ಕಾಲುವೆಯ ಕೊನೆಯ ಭಾಗದವರಿಗಂತೂ ಮೊದಲ ಬೆಳೆಗೇ ನೀರು ತಲುಪುವುದು ಕಷ್ಟ.

ಇದೇ ಜಲಾಶಯಕ್ಕೆ ಸಂಬಂಧಿಸಿದ ಇನ್ನೊಂದು ಸುದ್ದಿ ವರ್ಷಗಳಿಂದ ಬರುತ್ತಿದೆ. ಹೂಳಿನಿಂದ ಸಾಮರ್ಥ್ಯ 132 ಟಿಎಂಸಿಯಿಂದ 105.788ಕ್ಕೆ ಇಳಿದಿದೆ, ಆ ನಷ್ಟ ತುಂಬಿಕೊಳ್ಳಲು ನವಲಿಯ ಬಳಿ ಸಮಾನಾಂತರ ಜಲಾಶಯ ಕಟ್ಟಬೇಕು ಎಂದು. ಅದಕ್ಕೆ ಸಾವಿರಾರು ಕೋಟಿಯ ಮಾತು ನಡೆದಿದೆ. ಅದರ ಸರಿತಪ್ಪು ಬೇರೆ ಚರ್ಚೆ. ಇರುವ ಜಲಾಶಯದಲ್ಲಿ 25 ಟಿಎಂಸಿಯನ್ನು ನಿಲ್ಲಿಸಲಾಗದೆ ಬಿಟ್ಟದ್ದು ಚೈನು ಮತ್ತು ತಗಡಿನ ಸ್ಥಿತಿಯಿಂದ ಎಂಬುದನ್ನು ಆ ಚರ್ಚೆಯ ಮೇಜಿನ ಮೇಲೆ ಇಡಬೇಕು. ಹೊಸದಕ್ಕೆ ಶಂಕುಸ್ಥಾಪನೆ ಇದೆ, ಫಲಕ ಇದೆ. ಬುಷ್ ಬದಲಿಸಿದ್ದಕ್ಕೆ ಯಾರೂ ಫಲಕ ಹಾಕುವುದಿಲ್ಲ. ಮೂರು ರಾಜ್ಯಗಳು ನೀರು ಹಂಚಿಕೊಳ್ಳುವ ಅಣೆಕಟ್ಟು ಇದು, 1953ರಿಂದ ಮಂಡಳಿಯೊಂದು ನಡೆಸುತ್ತಿದೆ. ಖರ್ಚು ಹಂಚಿಕೆಯಾಗುವ ಕಡೆ ಹೊಣೆಯೂ ಹಂಚಿಹೋಗುತ್ತದೆ, ಕಡತ ಓಡಾಡುತ್ತಿರುವಾಗ ತುಕ್ಕು ರಜೆ ಹಾಕುವುದಿಲ್ಲ.

ಈಚೆಗೆ ಅಣೆಕಟ್ಟು ಸುರಕ್ಷತೆ ಎಂದ ಕೂಡಲೇ ಸೆನ್ಸರ್, ಕೃತಕ ಬುದ್ಧಿಮತ್ತೆ, ಡಿಜಿಟಲ್ ಪ್ರತಿರೂಪ ಎಂಬ ಸುದ್ದಿಗಳು ಬರುತ್ತವೆ. ನಾನು ಅವುಗಳ ವಿರೋಧಿಯಲ್ಲ. ಚೈನಿನ ಎಳೆತ ಅಳೆಯುವ ಲೋಡ್ ಸೆಲ್ ನಿಜವಾಗಿಯೂ ಉಪಯೋಗದ ವಸ್ತು. ಎಡ ಚೈನು ಮತ್ತು ಬಲ ಚೈನಿನ ಎಳೆತದಲ್ಲಿ ವ್ಯತ್ಯಾಸ ಹೆಚ್ಚಿದರೆ ಯಾವುದೋ ಬದಿಯ ಗಾಲಿ ಹಿಡಿದುಕೊಳ್ಳುತ್ತಿದೆ ಎಂದರ್ಥ, ಅದು ಕಡಿಯುವ ಮೊದಲೇ ಗೊತ್ತಾಗುತ್ತದೆ. ಆದರೆ ಪಿನ್ನಿನೊಳಗಿನ ತುಕ್ಕನ್ನು ಕಂಪ್ಯೂಟರ್ ಪರದೆ ತೆಗೆಯುವುದಿಲ್ಲ. ಗ್ರೀಸ್ ಗನ್ ಹಿಡಿಯುವ ಕಾಯಂ ಕೈ ಇಲ್ಲದ ಕಡೆ ನಿಯಂತ್ರಣ ಕೊಠಡಿ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಪ್ರತಿ ಅಣೆಕಟ್ಟಿಗೆ ಗೇಟಿನದೇ ಒಂದು ತಂಡ ಬೇಕು. ಒಬ್ಬ ಮೆಕ್ಯಾನಿಕಲ್ ಎಂಜಿನಿಯರು, ಫಿಟ್ಟರುಗಳು, ಎಲೆಕ್ಟ್ರಿಷಿಯನ್, ರಾತ್ರಿ ಪಾಳಿಗೂ ತರಬೇತಿಯಾದ ನಿರ್ವಾಹಕರು. ಜೊತೆಗೆ ಚಾಲೂ ಸ್ಥಿತಿಯ ಜನರೇಟರು, ಕರೆಂಟೂ ಇಲ್ಲದಾಗ ಕೈಯಿಂದ ತಿರುಗಿಸುವ ಹಿಡಿ. ಆ ಹಿಡಿಯಿಂದ ಒಂದು ಗೇಟು ಒಂದು ಅಡಿ ಏರಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ನೋಡಿರಬೇಕು.

ಈ ಕೆಲಸಗಳಿಗೆ ಭಾರತೀಯ ಮಾನಕಗಳಿವೆ. ಗಾಲಿಯ ಗೇಟಿನ ವಿನ್ಯಾಸಕ್ಕೆ ಐಎಸ್ 4622, ಎತ್ತುವ ಯಂತ್ರಕ್ಕೆ ಐಎಸ್ 6938, ತಪಾಸಣೆ ಮತ್ತು ನಿರ್ವಹಣೆಗೆ ಐಎಸ್ 7718. ಕಾನೂನೂ ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಆ ವರ್ಷದ ಡಿಸೆಂಬರ್ 30ರಂದು ಜಾರಿಗೆ ಬಂತು. 15 ಮೀಟರಿಗಿಂತ ಎತ್ತರದ ಪ್ರತಿ ಅಣೆಕಟ್ಟನ್ನೂ ಮುಂಗಾರಿಗೆ ಮೊದಲು ಒಮ್ಮೆ, ನಂತರ ಒಮ್ಮೆ ತಪಾಸಣೆ ಮಾಡಲೇಬೇಕು. ಕಾಯ್ದೆ ಜಾರಿಯಾದ ಐದು ವರ್ಷದೊಳಗೆ ಸ್ವತಂತ್ರ ತಜ್ಞರಿಂದ ಪ್ರತಿ ಅಣೆಕಟ್ಟಿನ ಸಮಗ್ರ ಸುರಕ್ಷತಾ ಮೌಲ್ಯಮಾಪನ ಆಗಬೇಕು. ಆ ಗಡುವು 2026ರ ಡಿಸೆಂಬರ್‌ಗೆ ಬರುತ್ತದೆ.

ನಿಮ್ಮ ಊರಿನ ಹೊಲಕ್ಕೆ ಯಾವ ಅಣೆಕಟ್ಟಿನ ನೀರು ಬರುತ್ತದೋ ಆ ಅಣೆಕಟ್ಟಿನ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ, ಇಲ್ಲವೇ ಮಾಹಿತಿ ಹಕ್ಕಿನ ಅರ್ಜಿಯಲ್ಲಿ, ಈ ಕಾಗದಗಳನ್ನು ಕೇಳಿ. ಈ ವರ್ಷದ ಮುಂಗಾರು ಪೂರ್ವ ತಪಾಸಣಾ ವರದಿಯಲ್ಲಿ ಗೇಟುಗಳ ಭಾಗದ ಪುಟಗಳು. ಪ್ರತಿ ಗೇಟಿನ ತಗಡಿನ ದಪ್ಪವನ್ನು ಕೊನೆಯ ಸಲ ಅಳೆದ ದಿನಾಂಕ, ಅಳತೆಯ ಪಟ್ಟಿ, ಮೂಲ ನಕ್ಷೆಯಲ್ಲಿದ್ದ ದಪ್ಪ. ಚೈನು ಅಥವಾ ತಂತಿಹಗ್ಗವನ್ನು ಕೊನೆಯ ಸಲ ಬದಲಿಸಿದ ವರ್ಷ. ಈ ವರ್ಷ ಪ್ರತಿ ಗೇಟನ್ನೂ ಪೂರ್ತಿ ಎತ್ತಿ ಇಳಿಸಿ ನೋಡಿದ್ದರ ದಾಖಲೆ, ಆಗ ಮೋಟಾರು ಎಳೆದ ಆಂಪಿಯರ್ ಸಮೇತ, ಯಾಕೆಂದರೆ ಕಳೆದ ವರ್ಷಕ್ಕಿಂತ ಆಂಪಿಯರ್ ಏರಿದ್ದರೆ ಆ ಗೇಟಿನ ಘರ್ಷಣೆ ಏರಿದೆ. ಕೊನೆಯದಾಗಿ ಸ್ಟಾಪ್‌ಲಾಗ್ ಎಷ್ಟು ಸೆಟ್ ಇದೆ, ಎಲ್ಲಿದೆ, ಅದನ್ನು ತೋಡಿನಲ್ಲಿ ಇಳಿಸಿ ನೋಡಿದ್ದು ಯಾವಾಗ. ಸರಿಯಾಗಿ ನಡೆಯುವ ಅಣೆಕಟ್ಟಿನಲ್ಲಿ ಇವೆಲ್ಲ ಒಂದೇ ಕಡತದಲ್ಲಿ ಸಿಗುತ್ತವೆ, ಹುಡುಕಿ ಕೊಡಲು ಅರ್ಧ ದಿನವೂ ಬೇಡ.